ತೋಕ್ ಪೂ ಮುಡಿದ ಕೋವಿ



ಬಂದೂಕಿನ ಕಾನೂನು ಕಲಬುರಗಿಯ ಖೂಬಾ ಪ್ಲಾಟಿನ ನಮಗೂ ಗಡಿಯಾಚೆಯ ಸೊಲ್ಲಾಪುರದವರಿಗೂ ಒಂದೇ: 1959ರ ಶಸ್ತ್ರಾಸ್ತ್ರ ಕಾಯ್ದೆ. ಅಮೆರಿಕದಲ್ಲಿ ಹಾಗಲ್ಲ. ಟೆಕ್ಸಾಸ್‌ನಲ್ಲಿ 2021ರಿಂದ 21 ವರ್ಷ ತುಂಬಿದ ಹೆಚ್ಚಿನವರು ಪರವಾನಗಿ ಇಲ್ಲದೆ ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಬಹುದು; ನ್ಯೂಜೆರ್ಸಿಯಲ್ಲಿ ಪರವಾನಗಿ ಬೇಕೇ ಬೇಕು. ಅಷ್ಟು ದೂರ ಏಕೆ? ಇಂಥ ಭೇದ ನಮ್ಮ ರಾಜ್ಯದೊಳಗೇ ಇದೆ.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸಿನ ಹಂಗಿಲ್ಲ, ವಿನಾಯಿತಿ ಪತ್ರ ಸಾಕು. ಸೆಪ್ಟೆಂಬರ್ 3ರ ಆಸುಪಾಸು ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂದರೆ ಕೋವಿಯನ್ನು ಒರೆಸಿ, ದೀಪವಿಡುವ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿಟ್ಟು, ಅದರ ನಳಿಗೆಗೆ ಕೆಂಪು ಹಳದಿ ಬಣ್ಣದ ತೋಕ್ ಪೂ ಮುಡಿಸುತ್ತಾರೆ. ತೋಕ್ ಎಂದರೆ ಕೋವಿ. ಹೂವಿಗೇ ಕೋವಿಯ ಹೆಸರಿಟ್ಟ ಜನ ಅವರು. ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. 2021ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಆದರೆ ಈ ವಿನಾಯಿತಿಯ ಬೇರು 1861ರಲ್ಲಿದೆ. ತಮಗೆ ನಿಷ್ಠರಾಗಿದ್ದರೆಂದು ಬ್ರಿಟಿಷರು ಕೊಡವರಿಗೆ ಕೊಟ್ಟ ಬಳುವಳಿ ಅದು. ಅದಕ್ಕೆ ನಾಲ್ಕು ವರ್ಷ ಮೊದಲು, 1857ರಲ್ಲಿ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಅದೇ ಬ್ರಿಟಿಷರು ಆಯುಧ ಒಪ್ಪಿಸಿ ಎಂದರು. ಬೇಟೆಯೇ ಬೇಡರ ಅನ್ನ; ಅವರು ಕೊಡೆವು ಎಂದರು. ಊರಿಗೆ ಬೆಂಕಿ ಬಿತ್ತು, ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಅವರ ಕಥೆ ಲಾವಣಿಯಾಗಿ ಉಳಿಯಿತು, ಕೋವಿ ಉಳಿಯಲಿಲ್ಲ. ಯಾರ ಕೈಯಲ್ಲಿ ಬಂದೂಕಿರಬೇಕೆಂದು ಆಗ ನಿರ್ಧರಿಸಿದ್ದು ನ್ಯಾಯವಲ್ಲ, ದೊರೆಯ ನಂಬಿಕೆ. ನನ್ನನ್ನು ಕಾಡುವುದು ಇದೇ.

ಹಾಗೆಂದು ಆ ಪೂಜೆಯ ಕೋವಿಯನ್ನು ಕಿತ್ತುಕೊಳ್ಳಿ ಎನ್ನಲಾರೆ. ನಮಗೂ ಅದೇ ವಿನಾಯಿತಿ ಬೇಕು ಎಂದೂ ಕೇಳಲಾರೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಎರಡು ವರ್ಷಕ್ಕೆ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನೂ. ಎರಡೂ ಕಡೆ ಒಂದೇ ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಅಂಥ ಪಿಸ್ತೂಲಿಗೆ ಯಾವ ಕಚೇರಿಯಲ್ಲೂ ದಾಖಲೆಯಿಲ್ಲ. ನಾಡ ಪಿಸ್ತೂಲಿನ ಕೊಲೆಗಳನ್ನು ಕಂಡ ಭೀಮಾ ತೀರದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುಲಭಕ್ಕೆ ಸಿಗುವ ಬಂದೂಕು ಇಲ್ಲಿ ಯಾರನ್ನೂ ಕಾಯುವುದಿಲ್ಲ.

ಕೊನೆಗೊಂದು ಕೋರಿಕೆ. ಹಳೆಯ ವಾಡೆಗಳಲ್ಲಿ ಅಜ್ಜನ ಕಾಲದ ಬಂದೂಕು ಗೋಡೆಗೆ ತೂಗುತ್ತಿರುತ್ತದೆ. ಲೈಸೆನ್ಸು ಅಜ್ಜನ ಹೆಸರಿನದು. ಅದು ಮೊಮ್ಮಗನಿಗೆ ತಾನಾಗಿ ಬರುವುದಿಲ್ಲ. ನಿಮ್ಮ ಮನೆಯಲ್ಲೂ ಅಂಥದ್ದಿದ್ದರೆ ಹತ್ತಿರದ ಪೊಲೀಸ್ ಠಾಣೆಗೆ ಒಪ್ಪಿಸಿ, ರಸೀದಿ ತೆಗೆದುಕೊಳ್ಳಿ. ಬೇಕೇ ಬೇಕೆಂದರೆ ಆಮೇಲೆ ನಿಮ್ಮ ಹೆಸರಿಗೆ ಅರ್ಜಿ ಹಾಕಿ.