ದುಡಿಯುವವರ ಹೆಸರಿನ ರಾಜ್ಯ: ಅದರ ಕೊನೆಯ ವರ್ಷ
(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)

ಸೋವಿಯತ್ ಒಕ್ಕೂಟ ೧೯೯೧ರಲ್ಲಿ ಅಳಿಯಿತೆಂಬುದನ್ನು ನೀವೆಲ್ಲ ಬಲ್ಲಿರಿ. ಅದನ್ನು ಗೋರ್ಬಚೆವ್ ಕೆಡಿಸಿದರೆನ್ನುವವರುಂಟು, ಅಮೆರಿಕ ಕೆಡವಿತೆನ್ನುವವರೂ ಉಂಟು. ಆ ವರ್ಷವನ್ನು ನಾವು ಮಜೂರನ ಕಿಸೆಯ ಕಡೆಯಿಂದ ನೋಡೋಣ.

ಅಲ್ಲಿ ಗಿರಣಿ, ಗಣಿ, ಅಂಗಡಿ ಎಲ್ಲವೂ ಸರ್ಕಾರದವು. ರೊಟ್ಟಿಯ ದರ ಕಟ್ಟುವುದೂ ಸರ್ಕಾರವೇ. ದರವೇನೋ ಅಗ್ಗ, ಆದರೆ ಅಂಗಡಿಯಲ್ಲಿ ಸರಕಿಲ್ಲ. ೧೯೮೬ರಲ್ಲಿ ಜಗತ್ತಿನ ಪೇಟೆಯಲ್ಲಿ ತೈಲದ ಬೆಲೆ ಕುಸಿದು ಬೊಕ್ಕಸಕ್ಕೆ ಪೆಟ್ಟು ಬಿತ್ತು. ಸೈನ್ಯದ ಖರ್ಚೋ ಬೆಟ್ಟದಷ್ಟು. ಕೊರತೆ ತುಂಬಲು ನೋಟು ಅಚ್ಚುಹಾಕಿದರು. ೧೯೮೯ರ ಜುಲೈಯಲ್ಲಿ ಸೈಬೀರಿಯದ ಕುಜ್‌ಬಾಸ್ ಗಣಿಗಾರರು ಮುಷ್ಕರ ಹೂಡಿದಾಗ ಅವರ ಬೇಡಿಕೆಗಳಲ್ಲಿ ಒಂದು ಯಾವುದು ಗೊತ್ತೇ? ಮೈ ತೊಳೆಯಲು ಸೋಪು! ಹಳೆಯ ಕಾರ್ಮಿಕ ಸಂಘ ಪಕ್ಷದ ಕೈಯಲ್ಲಿತ್ತು. ಆದ್ದರಿಂದ ೧೯೯೦ರಲ್ಲಿ ಗಣಿಗಾರರು ತಮ್ಮದೇ ಸ್ವತಂತ್ರ ಸಂಘ ಕಟ್ಟಿಕೊಂಡರು.

೧೯೯೧ರ ಜನವರಿ ೧೩ರಂದು ಲಿಥುವೇನಿಯದ ವಿಲ್ನಿಯಸ್ ನಗರದಲ್ಲಿ ಟ್ಯಾಂಕುಗಳು ಜನರ ಮೇಲೆ ನುಗ್ಗಿ ಹದಿನಾಲ್ವರು ಸತ್ತರು. ಒಂಬತ್ತು ದಿನಗಳ ಮೇಲೆ, ಜನವರಿ ೨೨ರ ರಾತ್ರಿ, ಇಡೀ ದೇಶದ ಕಿಸೆಗೆ ಕೈ ಬಿತ್ತು. ಐವತ್ತು ಮತ್ತು ನೂರು ರೂಬಲಿನ ಹಳೆಯ ನೋಟುಗಳು ಇನ್ನು ಚಲಾವಣೆಯಲ್ಲಿಲ್ಲ, ಬದಲಾಯಿಸಿಕೊಳ್ಳಲು ಮೂರೇ ದಿನ, ಸಾಮಾನ್ಯವಾಗಿ ಒಬ್ಬರಿಗೆ ಸಾವಿರ ರೂಬಲಿನ ಮಿತಿ ಎಂದು ಸಾರಿದರು. ಉಳಿತಾಯದ ಖಾತೆಯಿಂದ ತಿಂಗಳಿಗೆ ೫೦೦ ರೂಬಲು ಮಾತ್ರ ತೆಗೆಯಬಹುದು. ಪ್ರಧಾನಿ ಪಾವ್ಲೊವ್ ಕಾಳಸಂತೆಯವರನ್ನು ಹಿಡಿಯುತ್ತೇವೆಂದರು. ಕೊರೆಯುವ ಚಳಿಯಲ್ಲಿ ಸಾಲು ನಿಂತವರು ಪಿಂಚಣಿದಾರರು, ಮಜೂರರು. ಏಪ್ರಿಲ್ ೨ಕ್ಕೆ ರೊಟ್ಟಿ, ಮಾಂಸಗಳ ಸರ್ಕಾರಿ ದರ ಎರಡು ಮೂರು ಪಟ್ಟು ಏರಿತು.

ಆಗ ಕಾರ್ಮಿಕರು ಸುಮ್ಮನಿರಲಿಲ್ಲ. ಮಾರ್ಚಿನಿಂದಲೇ ಡೊನ್‌ಬಾಸ್, ಕುಜ್‌ಬಾಸ್ ಗಣಿಗಳಲ್ಲಿ ಮುಷ್ಕರ ನಡೆದಿತ್ತು. ಸೋಪು ಕೇಳಿದವರು ಈಗ ಗೋರ್ಬಚೆವರ ರಾಜೀನಾಮೆ ಕೇಳಿದರು. ಏಪ್ರಿಲಿನಲ್ಲಿ ಮಿನ್ಸ್ಕ್ ನಗರದ ಕಾರ್ಖಾನೆಗಳ ಕೆಲಸಗಾರರೂ ಬೀದಿಗಿಳಿದರು. ಹಾಗೆಂದು ಜನ ದೇಶ ಒಡೆಯಬೇಕೆಂದು ಬಯಸಿದ್ದರೆಂದಲ್ಲ. ಮಾರ್ಚ್ ೧೭ರ ಜನಮತದಲ್ಲಿ ಮತ ಹಾಕಿದವರಲ್ಲಿ ಶೇಕಡಾ ೭೬ ಮಂದಿ ಸುಧಾರಿಸಿದ ಒಕ್ಕೂಟ ಉಳಿಯಲೆಂದರು. ಆದರೆ ಆರು ಗಣರಾಜ್ಯಗಳ ಸರ್ಕಾರಗಳು ಆ ಮತದಾನ ನಡೆಸಲೇ ಇಲ್ಲ.

ಆಗಸ್ಟ್ ೧೯ರಂದು ಎಂಟು ಮಂದಿ ಉನ್ನತಾಧಿಕಾರಿಗಳು ಒಕ್ಕೂಟ ಉಳಿಸುತ್ತೇವೆಂದು ಅಧಿಕಾರ ಕಿತ್ತುಕೊಂಡರು. ನೋಟು ರದ್ದು ಮಾಡಿದ ಪಾವ್ಲೊವ್ ಅವರಲ್ಲೊಬ್ಬರು! ಮಾಸ್ಕೋದ ಬೀದಿಯಲ್ಲಿ ಮೂವರು ತರುಣರು ಪ್ರಾಣ ತೆತ್ತರು. ಮೂರೇ ದಿನಕ್ಕೆ ಆ ಸಂಚು ಮುರಿಯಿತು. ಬಳಿಕ ಕಮ್ಯುನಿಸ್ಟ್ ಪಕ್ಷದ ಕಚೇರಿಗಳಿಗೆ ಬೀಗ ಬಿತ್ತು. ಸುಮಾರು ಒಂದೂವರೆ ಕೋಟಿ ಸದಸ್ಯರಿದ್ದ ಪಕ್ಷ! ಅದನ್ನು ಉಳಿಸಿಕೊಳ್ಳಲು ಕಾರ್ಮಿಕರ ದಂಡು ಎದ್ದು ಬರಲಿಲ್ಲ. ಡಿಸೆಂಬರ್ ೧ರಂದು ಯುಕ್ರೇನಿನ ಜನ ಶೇಕಡಾ ೯೦ಕ್ಕೂ ಮಿಕ್ಕಿ ಸ್ವಾತಂತ್ರ್ಯಕ್ಕೆ ಮತವಿತ್ತರು. ಡಿಸೆಂಬರ್ ೨೫ರಂದು ಗೋರ್ಬಚೆವ್ ಇಳಿದರು, ಕ್ರೆಮ್ಲಿನಿನ ಕೆಂಬಾವುಟವೂ ಇಳಿಯಿತು.

ಮಜೂರನಿಗೆ ಇದರಿಂದ ಸುಖ ಬಂತೇ? ೧೯೯೨ರ ಜನವರಿ ೨ರಂದು ರಷ್ಯದಲ್ಲಿ ದರಗಳ ಕಟ್ಟು ಬಿಚ್ಚಿದರು. ಆ ಒಂದು ವರ್ಷದಲ್ಲೇ ಬೆಲೆಗಳು ಇಪ್ಪತ್ತೈದು ಪಟ್ಟಿನಷ್ಟು ಏರಿದವು. ಜೀವಮಾನದ ಉಳಿತಾಯ ನೀರಾಯಿತು. ಸಾರ್ವಜನಿಕ ಕಾರ್ಖಾನೆಗಳು ಖಾಸಗಿಯವರ ಪಾಲಾದಾಗ ಬಹುಕಡೆ ಹಳೆಯ ವ್ಯವಸ್ಥಾಪಕರೇ ಹೊಸ ಒಡೆಯರಾದರು. ಎಪ್ಪತ್ತು ವರ್ಷ ಎಲ್ಲರದೆಂದು ಹೇಳಿದ ಸೊತ್ತು ನಿಜವಾಗಿ ಬೀಗದ ಕೈ ಹಿಡಿದವರದಾಗಿತ್ತು.

ಸಂಗಾತಿಗಳೇ, ಕಾರ್ಖಾನೆ ಸರ್ಕಾರದ್ದಾದ ಮಾತ್ರಕ್ಕೆ ದುಡಿಯುವವರದಾಗುವುದಿಲ್ಲ. ಲೆಕ್ಕ ಕೇಳುವ ಹಕ್ಕು, ಮುಷ್ಕರ ಹೂಡುವ ಹಕ್ಕು, ಆಳುವವರನ್ನು ಮತದಿಂದ ಇಳಿಸುವ ಹಕ್ಕು, ಈ ಮೂರೂ ಇದ್ದರೆ ಮಾತ್ರ ಅದು ನಮ್ಮದು. ನಿಮ್ಮ ಹೆಸರಿನಲ್ಲಿ ಮಾತನಾಡುವವರು ಯಾರೇ ಇರಲಿ, ಈ ವೇದಿಕೆಯ ಮೇಲಿನ ನಾವೇ ಇರಲಿ, ಲೆಕ್ಕ ಕೇಳಿರಿ.