ಗಾಳಿ ತಿರುಗಿದಾಗ ನಾವೂ ಹೊರಳೋಣ



ಟ್ಯಾಂಕರ್ ದಾರಿ ಕಾಯೋ ಜತ್ತ ತಾಲೂಕಿನಾಗ ಇಕಿ ದೋಣಿ ಸುದ್ದಿ ಯಾಕ ತಗದಾಳ ಅಂತೀರೇನು? ಕೆರೆ ನೀರು ಮುಟ್ಟೋ ಹಕ್ಕಿಗಾಗಿ ಬಾಬಾಸಾಹೇಬರು 1927ರಲ್ಲಿ ಮಹಾಡಕ್ಕೆ ಹೋದರು. ನೀರಿನ ಆಟವೂ ನಮಗ ಸೇರಿದ್ದೇ.

ನೇಹಾ ಠಾಕೂರ್ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತನ ಮಗಳು. ಅಲ್ಲಿಯೂ ಸಮುದ್ರ ಇಲ್ಲ. ಭೋಪಾಲದಲ್ಲಿ ಹಾಯಿದೋಣಿ ಕಲಿತಳು. 2023ರ ಏಷ್ಯನ್ ಕ್ರೀಡಾಕೂಟದಲ್ಲಿ, 17ನೇ ವಯಸ್ಸಿಗೆ, ಬೆಳ್ಳಿ ಪದಕ ಗೆದ್ದಳು.

ಆ ದೋಣಿಗೆ ಇಂಜಿನ್ ಇಲ್ಲ. ಒಂದೇ ಹಾಯಿ, ನಡಿಸೋರು ಒಬ್ಬರೇ. ಗಾಳಿಗೆ ಎದುರು ನೇರ ಹೋಗಾಕ ಬರಂಗಿಲ್ಲ. ಎಡಕ್ಕ-ಬಲಕ್ಕ ಹೊರಳಿಸ್ಕೋತ ಹೋಗಬೇಕು. ಗಾಳಿ ಸಣ್ಣದಿದ್ದು ದಿಕ್ಕು ಬದಲಿಸ್ತಿದ್ದರೆ ತೋಳಿನ ಬಲಕ್ಕಿಂತ ಕಣ್ಣು ಮುಖ್ಯ. ನೀರು ಎಲ್ಲಿ ಸುಕ್ಕಾಗಿ ಕಪ್ಪಾಗ್ತದೋ ಅಲ್ಲಿ ಗಾಳಿ ಐತಿ. ಅಲುಗಾಡದಂಗ ಕೂತು ಅದನ್ನ ನೋಡಬೇಕು, ಗಾಳಿ ತಿರುಗಿದ ಕೂಡಲೇ ದೋಣಿ ಹೊರಳಿಸಬೇಕು.

ನೇಹಾಗೆ 11 ರೇಸ್ ಇದ್ದವು. ಎಷ್ಟನೇ ನಂಬರೋ ಅಷ್ಟು ಪಾಯಿಂಟ್; ಕಡಿಮೆ ಇದ್ದವರು ಮುಂದೆ. ಎಲ್ಲಕ್ಕಿಂತ ಕೆಟ್ಟ ರೇಸ್ ಒಂದನ್ನ ಲೆಕ್ಕದಿಂದ ಬಿಡ್ತಾರ. ಹಂಗ ಬಿಟ್ಟು ಆಕಿ ಪಾಯಿಂಟ್ 27.

ನಾನು ಹನ್ನೆರಡನೇ ಕ್ಲಾಸಿನಲ್ಲಿ ಒಮ್ಮೆ ಫೇಲಾದೆ. ಮನ್ಯಾಗ ಮದುವಿ ಮಾತು ಶುರುವಾಯ್ತು. ಅವ್ವ ಮಾತ್ರ ಕೂಲಿ ರೊಕ್ಕದಾಗ ಮತ್ತೆ ಫಾರ್ಮ್ ತುಂಬಿಸಿದಳು. ಈಗ ಬಿ.ಎ. ಓದ್ತೀನಿ.

ನಮ್ಮ ಓಣಿಯಾಗ ಫೇಲಾಗಿ ಕೂತವರದಾರ. ಅವರದೂ ಒಂದು ಕೆಟ್ಟ ರೇಸ್ ಬಿಟ್ಟು ಲೆಕ್ಕ ಹಾಕ್ರಿ. ಈ ವರ್ಷ ಅವರ ಫಾರ್ಮ್ ಸಂಘ ತುಂಬಲಿ.

ಜೈ ಭೀಮ್.