ಆ ಹುಡುಗಿಯ ಮಾತು ಯಾವ ಭಾಷೆಯಲ್ಲಿ ಕೇಳಬೇಕು?

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)

ಇವತ್ತು ನಾನು ಅಪರಾಧದ ಆರೋಪ ಹೊತ್ತ ಹುಡುಗಿಯರ ಬಗ್ಗೆ ಮಾತಾಡ್ತೀನಿ. ಇಂಥ ಸುದ್ದಿ ಬಂದ್ರ ನಾವು ‘ಮನಿ ಮರ್ಯಾದಿ ಹೋತು’ ಅಂತ ಸುಮ್ಮನಾಗ್ತೀವಿ. ಸುಮ್ಮನಾದಷ್ಟು ಆ ಹುಡುಗಿ ಒಂಟಿಯಾಗ್ತಾಳೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಮ್ಮ ಅಕ್ಕಲಕೋಟ ತಾಲೂಕಿನ ಹದಿನೈದು ವರ್ಷದ ಹುಡುಗಿ, ಕನ್ನಡ ಸಾಲಿಯಲ್ಲಿ ಕಲಿತವಳು. ಸೋಲಾಪುರದಲ್ಲಿ ಅವಳು ಕೆಲಸಕ್ಕಿದ್ದ ಮನೆಯಲ್ಲಿ ಬಂಗಾರ ಕಳುವಾಯಿತು. ಮೊದಲ ಸಂಶಯ ಯಾರ ಮೇಲೆ ಬರುತ್ತದೆ, ನಿಮಗೆ ಹೇಳಬೇಕಾಗಿಲ್ಲ. ವಿಚಾರಣೆ ಎಲ್ಲ ಮರಾಠಿಯಲ್ಲಿ. ಗಾಬರಿಯಲ್ಲಿ ಅವಳು ‘ಹೋಯ್’ ಅಂದುಬಿಟ್ಟರೆ? ಅದನ್ನೇ ಒಪ್ಪಿಗೆ ಅಂತ ಬರೆದುಕೊಂಡರೆ?

ಇಂಥವರಿಗಾಗಿಯೇ 2015ರ ಬಾಲನ್ಯಾಯ ಕಾಯ್ದೆ ಇದೆ. 18 ತುಂಬದವರನ್ನು ಲಾಕಪ್ಪಿಗೆ ಹಾಕುವಂತಿಲ್ಲ. 24 ತಾಸಿನೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ವಕೀಲರ ನೆರವು ಪುಕ್ಕಟೆ. ಹೆಸರು, ಫೋಟೊ ಬಯಲು ಮಾಡುವಂತಿಲ್ಲ. ವಾಟ್ಸಾಪಿನ ಅಣ್ಣಂದಿರೂ ಇದನ್ನು ನೆನಪಿಡಬೇಕು. ಎಂಟನೆಯ ಕಲಮು ಇನ್ನೊಂದು ಹೇಳುತ್ತದೆ: ನಡಾವಳಿಯ ಭಾಷೆ ಮಗುವಿಗೆ ತಿಳಿಯದಿದ್ದರೆ ಮಂಡಳಿಯೇ ದುಭಾಷಿಯನ್ನು ಕೊಡಬೇಕು. ಗಡಿಯ ನಮಗೆ ಇದು ದೊಡ್ಡ ಹಕ್ಕು. ಆದರೆ ಕೇಳಿ ಪಡೀಬೇಕು.

ಇನ್ನು ಸುಧಾರಣೆಯ ಕಾರ್ಯಕ್ರಮಗಳು. ಹುಡುಗರಿಗೆ ಮಾಡಿದ್ದನ್ನೇ ಹುಡುಗಿಯರಿಗೂ ಮಾಡಿದರೆ ಸಾಲದು. ಹೊಲಿಗೆ ಮಷೀನು ಕೊಟ್ಟರೆ ಮುಗೀತು ಅನ್ನಬಾರದು. ಅವಳ ಓದು, ಪರೀಕ್ಷೆ ಅವಳು ಕಲಿತ ಭಾಷೆಯಲ್ಲೇ ಮುಂದುವರಿಯಬೇಕು. ಮುಟ್ಟಿನ ದಿನಗಳಲ್ಲಿ ಬೇಕಾದ್ದನ್ನು ಗಂಡಸರ ಹತ್ತಿರ ಕೇಳುವ ಪಾಳಿ ಬರಬಾರದು. ಮನೆಯಲ್ಲೇ ಹೊಡೆತ, ಕಿರುಕುಳ ಇತ್ತೇನು ಅಂತ ಅವಳನ್ನೇ ಕೇಳದೆ ‘ಕರ್ಕೊಂಡು ಹೋಗ್ರಿ’ ಅನ್ನಬಾರದು. ಬಂದ ಮೇಲೆ ಅವಸರದಲ್ಲಿ ಮದುವೆ ಮಾಡಿ ಕೈ ತೊಳೆದುಕೊಳ್ಳುವ ನಮ್ಮ ರೂಢಿಯೂ ನಿಲ್ಲಬೇಕು. ಬಾಲ್ಯವಿವಾಹದ ಅಂಚಿನಲ್ಲಿರುವ ಹುಡುಗಿಗೂ ಇದೇ ಕಾಯ್ದೆಯಲ್ಲಿ ರಕ್ಷಣೆ ಇದೆ.

ಸಂಘಕ್ಕೆ ನನ್ನ ವಿನಂತಿ ಎರಡೇ. ಕಚೇರಿಯ ಗೋಡೆಯ ಮೇಲೆ ನಮ್ಮ ಠಾಣೆಯ ಬಾಲಕಲ್ಯಾಣ ಪೊಲೀಸ್ ಅಧಿಕಾರಿಯ ಹೆಸರು, ಮಕ್ಕಳ ಸಹಾಯವಾಣಿ 1098 ದೊಡ್ಡ ಅಕ್ಷರದಲ್ಲಿ ಬರೆಸಿರಿ. ಕನ್ನಡ, ಮರಾಠಿ ಎರಡೂ ಬಲ್ಲ ನಾಲ್ಕು ಜನ ಹೆಣ್ಣುಮಕ್ಕಳ ಪಟ್ಟಿ ಮಾಡಿರಿ. ಕರೆ ಬಂದರೆ ಆ ಹುಡುಗಿಯ ಅವ್ವನ ಜೊತೆ ಹೋಗಿ, ‘ದುಭಾಷಿ ಬೇಕು, ವಕೀಲರು ಬೇಕು’ ಅಂತ ಕೇಳಲಿ. ಆ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು ಬರೆದುಕೊಳ್ಳಿರಿ. ಉಳಿದ ಮೂರು ಹೆಸರು ಈ ಸಭೆ ಮುಗಿಯುವುದರೊಳಗೆ ಬರಲಿ.

ಜೈ ಭೀಮ್! ಜೈ ಸಾವಿತ್ರಿ!